ತಲೆಯ ಮೇಲಣ ಸದ್ದು

ನೆರೆಹೊರೆಯೆಂಬ ನಮ್ಮ ಹಳೆಯ ಮಾತಿನಲ್ಲಿ ಎಡಬಲಗಳುಂಟು, ಹಿಂದುಮುಂದುಗಳುಂಟು, ಮೇಲುಕೆಳಗುಗಳಿಲ್ಲ. ನಮ್ಮ ಹಿರಿಯರು ವಾಸಿಸಿದ ಮನೆಗಳ ಮೇಲೆ ಹೆಂಚೋ ಹುಲ್ಲೋ ಮಣ್ಣಿನ ಮಾಳಿಗೆಯೋ ಇರುತ್ತಿದ್ದಿತು, ಅದರಿಂದಾಚೆಗೆ ಆಕಾಶ. ಅಟ್ಟವೂ ಉಪ್ಪರಿಗೆಯೂ ಉಳ್ಳ ಅನುಕೂಲಸ್ಥರ ಮನೆಗಳಲ್ಲಿಯಾದರೂ ಮೇಲೆ ಓಡಾಡುವವರು ಆ ಮನೆಯ ಮಕ್ಕಳೇ ಆಗಿದ್ದುದರಿಂದ, “ಯಾರೋ ಅಲ್ಲಿ? ಮೆಲ್ಲಗೆ ನಡೆಯಿರೋ!” ಎಂದು ಅಜ್ಜಿಯು ಕೆಳಗಿನಿಂದ ಒಂದು ಸಲ ಗದರಿಸಿದರೆ ಸಾಕಾಗುತ್ತಿದ್ದಿತು. ಇಂದು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಂಥ ಪಟ್ಟಣಗಳಲ್ಲಿ ನೆಲದ ಬೆಲೆ ಏರಿದಂತೆಲ್ಲ ಮನೆಗಳೂ ಏರಿವೆ. ಅಪಾರ್ಟ್‌ಮೆಂಟು ಎಂದು ಎಲ್ಲರೂ ಕರೆಯುವ ಬಹುಮಹಡಿಯ ವಸತಿಗಳಲ್ಲಿ ಒಂದು ಸಂಸಾರದ ನೆಲವೇ ಇನ್ನೊಂದು ಸಂಸಾರದ ಛಾವಣಿಯಾಗಿದೆ. ಮೇಲಿನವರನ್ನು ಗದರಿಸುವ ಅಧಿಕಾರವು ಕೆಳಗಿನವರಿಗೆ ಹೋಯಿತು. ಸದ್ದು ಮಾತ್ರ ಉಳಿಯಿತು.

ಇಂಥ ಮನೆಗಳಲ್ಲಿರುವವರಿಗೆ ಆ ಸದ್ದುಗಳ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಹೊತ್ತುಮೂಡುವ ಮುನ್ನ ಕುಟ್ಟಾಣಿಯ ಪೆಟ್ಟು. ಬಳಿಕ ಗ್ರೈಂಡರಿನ ಗುಡುಗುಡು. ಸಾಯಂಕಾಲ ಮಕ್ಕಳ ಓಟ. ರಾತ್ರಿ ಊಟವಾದ ಮೇಲೆ ಕುರ್ಚಿ ಎಳೆಯುವ ಕಿರ್ರೆಂಬ ಸದ್ದು. ಎಲ್ಲವೂ ಅಡಗಿತೆನ್ನುವಷ್ಟರಲ್ಲಿ ಯಾರದೋ ಕೈಯಿಂದ ಜಾರಿದ ಲೋಟವು ನೆಲದ ಮೇಲೆ ಕುಣಿಯುವ ಸದ್ದು. ಕೇಳುವವರಿಗೆ ಇವು ಸಣ್ಣ ವಿಷಯಗಳಾಗಿ ತೋರಬಹುದು. ಆದರೆ ಹೆರಿಗೆಯಾಗಿ ತಿಂಗಳು ತುಂಬದ ಬಾಣಂತಿ, ಮಂಪರು ಹತ್ತಿದಾಗಲೆಲ್ಲ ಎಚ್ಚರಗೊಳ್ಳುವ ರೋಗಿ, ಪರೀಕ್ಷೆಗೆ ಓದುವ ಹುಡುಗ, ರಾತ್ರಿಯ ಪಾಳಿಯಲ್ಲಿ ದುಡಿದು ಬಂದು ಹಗಲು ಮಲಗಬೇಕಾದ ಉದ್ಯೋಗಸ್ಥೆ, ಇವರನ್ನು ಕೇಳಿದರೆ ಅದರ ತೂಕ ತಿಳಿಯುವುದು. ನಿದ್ರೆಯ ನಷ್ಟವು ಮೊದಲನೆಯ ಕೆಡುಕು. ಎರಡನೆಯದು ಅದಕ್ಕಿಂತ ಮೆಲ್ಲನೆ ಬೆಳೆಯುವುದು: ಹಾಲಿಗೆ ಹೆಪ್ಪು ಬೇಕಾದಾಗ ಬಟ್ಟಲು ಹಿಡಿದುಕೊಂಡು ಹೋಗಬಹುದಾಗಿದ್ದ ಮನೆಯು ವೈರಿಯ ಮನೆಯಾಗುವುದು, ಲಿಫ್ಟಿನಲ್ಲಿ ಎದುರಾದಾಗ ಎರಡು ಸಂಸಾರದವರೂ ಗೋಡೆಯನ್ನು ನೋಡುತ್ತ ನಿಲ್ಲುವರು. ಈ ಎರಡು ಕೆಡುಕುಗಳಿಗೂ ಪರಿಹಾರವುಂಟು. ಆದರೆ ಸದ್ದಿನ ಸ್ವಭಾವವನ್ನು ತಿಳಿಯದೆ ಮಾಡುವ ಪರಿಹಾರದಿಂದ ಹಣವು ವ್ಯರ್ಥವಾಗುವುದು, ಮನಸ್ಸೂ ಕೆಡುವುದು. ಆದಕಾರಣ ಅದನ್ನು ಮೊದಲು ವಿಚಾರಿಸೋಣ.

ಸದ್ದು ಇಳಿಯುವ ದಾರಿ

ಮನೆಯೊಳಗಣ ಸದ್ದುಗಳಲ್ಲಿ ಎರಡು ಬಗೆ. ಮಾತು, ಹಾಡು, ಟೀವಿ ಇವುಗಳ ಸದ್ದು ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲಿಯೇ ಹರಡುವುದು. ಅದು ಕೆಳಗಿನ ಮನೆಗೆ ಬರಬೇಕಾದರೆ ನಡುವೆ ಇರುವ ಕಾಂಕ್ರೀಟಿನ ಹಾಸನ್ನು, ಎಂದರೆ ಕಟ್ಟಡದ ಕೆಲಸದವರು ಸ್ಲ್ಯಾಬು ಎಂದು ಕರೆಯುವುದನ್ನು, ನಡುಗಿಸಬೇಕು. ಆರು ಅಂಗುಲ ದಪ್ಪದ ಸ್ಲ್ಯಾಬು ಚದರ ಮೀಟರಿಗೆ ೩೫೦ ಕಿಲೋಗ್ರಾಮಿಗಿಂತಲೂ ಹೆಚ್ಚು ತೂಗುವುದು. ಅಷ್ಟು ಭಾರವನ್ನು ನಡುಗಿಸುವ ಬಲವು ಸಾಧಾರಣವಾದ ಮಾತಿಗಿಲ್ಲ. ಮೇಲಿನವರ ಮಾತು ಕೆಳಗೆ ಸ್ಪಷ್ಟವಾಗಿ ಕೇಳಿಸುತ್ತಿದ್ದರೆ ಅದು ಬಹುಮಟ್ಟಿಗೆ ತೆರೆದ ಕಿಟಕಿಯಿಂದಲೋ ಕೊಳವೆಗಳಿಗಾಗಿ ಬಿಟ್ಟ ಸಂದಿನಿಂದಲೋ ಇಳಿದು ಬಂದುದಾಗಿರುವುದು.

ಎರಡನೆಯ ಬಗೆಯದು ಪೆಟ್ಟಿನ ಸದ್ದು. ಹಿಮ್ಮಡಿಯು ನೆಲಕ್ಕೆ ತಾಗುವುದು, ಕುರ್ಚಿಯ ಕಾಲು ಉಜ್ಜುವುದು, ಕುಟ್ಟಾಣಿಯು ಕುಟ್ಟುವುದು ಇವೆಲ್ಲ ಇದಕ್ಕೆ ಸೇರಿದುವು. ಇಲ್ಲಿ ಗಾಳಿಯ ಮಧ್ಯಸ್ಥಿಕೆಯೇ ಇಲ್ಲ. ಪೆಟ್ಟು ನೇರವಾಗಿ ಸ್ಲ್ಯಾಬಿಗೇ ಬೀಳುವುದರಿಂದ ಸ್ಲ್ಯಾಬು ಒಂದು ದೊಡ್ಡ ನಗಾರಿಯಂತೆ ಅಲುಗಿ, ತನ್ನ ಕೆಳಗಿರುವ ಕೋಣೆಯ ಗಾಳಿಯನ್ನು ಅಲುಗಿಸುವುದು. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರು ಹೋದರೆ ಕಾಂಕ್ರೀಟಿನಲ್ಲಿ ೩,೦೦೦ ಮೀಟರಿಗಿಂತಲೂ ಹೆಚ್ಚು ಹೋಗುವುದು. ದಾರಿಯಲ್ಲಿ ಅದು ಸವೆಯುವುದೂ ಕಡಿಮೆ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಮರದ ಮೇಜಿನ ಒಂದು ತುದಿಗೆ ಕಿವಿಯನ್ನಿಟ್ಟು ಇನ್ನೊಂದು ತುದಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯುವಂತೆ ಮಕ್ಕಳಿಗೆ ಹೇಳಿರಿ. ಕೆರೆಯುವವರಿಗೆ ಕೇಳಿಸಿಯೂ ಕೇಳಿಸದಂತಿರುವ ಸದ್ದು ನಿಮ್ಮ ಕಿವಿಗೆ ಗರಗಸದಂತೆ ಕೇಳಿಸುವುದು. ಮೇಲಿನ ಮನೆಯವರು “ನಾವು ಸದ್ದೇ ಮಾಡಲಿಲ್ಲವಲ್ಲ!” ಎಂದು ಆಶ್ಚರ್ಯಪಡುವಾಗ ಅವರು ಸಾಮಾನ್ಯವಾಗಿ ಸುಳ್ಳು ಹೇಳುತ್ತಿರುವುದಿಲ್ಲ. ತಮ್ಮ ಕಾಲಿನ ಸದ್ದು ಅವರಿಗೆ ಗಾಳಿಯ ದಾರಿಯಿಂದ ಕೇಳಿಸುವುದು. ಕೆಳಗಿನವರಿಗೆ ಕಾಂಕ್ರೀಟಿನ ದಾರಿಯಿಂದ. ಈ ಒಂದು ಸಂಗತಿಯನ್ನು ಎರಡು ಮನೆಯವರೂ ಅರಿತರೆ ಅರ್ಧ ಜಗಳ ಅಲ್ಲಿಗೇ ಮುಗಿಯುವುದು.

ಪೆಟ್ಟಿನ ಸದ್ದು ಹೀಗೆ ನೆಲದೊಳಕ್ಕೇ ಇಳಿಯುವುದರಿಂದ, ಅದು ನೆಲವನ್ನು ಮುಟ್ಟುವುದಕ್ಕೆ ಮೊದಲೇ ಅದನ್ನು ಮೆತ್ತಗೆ ಮಾಡತಕ್ಕದ್ದು. ಕಲ್ಲಿನ ಮೇಲೆ ಅಪ್ಪಳಿಸಿದ ತೆಂಗಿನಕಾಯಿ ಒಡೆಯುವುದು. ಮಡಿಸಿದ ಗೋಣಿಚೀಲದ ಮೇಲೆ ಬಿದ್ದ ಕಾಯಿ ಸುಮ್ಮನೆ ಉರುಳುವುದು. ಕಾಯಿ ಒಂದೇ, ಎತ್ತರ ಒಂದೇ. ನಡುವೆ ಮೆತ್ತನೆಯ ಪದರವೊಂದು ಬಂದುದರಿಂದ ಪೆಟ್ಟಿನ ಚೂಪು ಹೋಯಿತು. ಹೀಗಲ್ಲದೆ, ಪೆಟ್ಟು ಸ್ಲ್ಯಾಬಿಗೆ ಮುಟ್ಟಿದ ಮೇಲೆ ಕೆಳಗಿನವರು ತಮ್ಮ ಛಾವಣಿಗೆ ಸ್ಪಂಜು, ಥರ್ಮೋಕೋಲು, ಮೊಟ್ಟೆ ಜೋಡಿಸುವ ಹಲಗೆಗಳು ಮುಂತಾದುವನ್ನು ಅಂಟಿಸಿಕೊಳ್ಳುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಸ್ಪಂಜಿನಂಥವು ತಮ್ಮ ಕೋಣೆಯೊಳಗಿನ ಮಾರ್ದನಿಯನ್ನು ಕೊಂಚ ತಗ್ಗಿಸುವುವು. ಮೇಲಿನಿಂದ ಬರುವುದನ್ನು ತಡೆಯಲಾರವು. ಸಾರಾಂಶವಿಷ್ಟು: ಕಾಯಿಲೆ ಕೆಳಗಿನ ಮನೆಯಲ್ಲಿ, ಔಷಧ ಮೇಲಿನ ಮನೆಯಲ್ಲಿ. ಹೀಗಿರುವುದರಿಂದ ಮೇಲಿನವರ ಸೌಹಾರ್ದವನ್ನು ಕಳೆದುಕೊಂಡವನು ಔಷಧವನ್ನೇ ಕಳೆದುಕೊಂಡಂತೆ.

ಇದಕ್ಕೆ ಫ್ರಾನ್ಸ್ ದೇಶದ ನಿದರ್ಶನವೊಂದನ್ನು ಕೊಡಬಹುದು. ಅಲ್ಲಿಯ ಪ್ರಸಿದ್ಧ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ೧೯೦೬ರಿಂದ ೧೯೧೯ರ ವರೆಗೆ ಪ್ಯಾರಿಸ್ ನಗರದ ಬಹುಮಹಡಿ ಮನೆಯೊಂದರಲ್ಲಿ ವಾಸವಾಗಿದ್ದನು. ಗೂರಲು ರೋಗದಿಂದ ನರಳುತ್ತಿದ್ದ ಆತನು ರಾತ್ರಿಯೆಲ್ಲ ಬರೆದು ಹಗಲು ಮಲಗುವನು. ಸದ್ದಿನ ಬಾಧೆಯನ್ನು ತಾಳಲಾರದೆ ೧೯೧೦ರಲ್ಲಿ ತನ್ನ ಮಲಗುವ ಕೋಣೆಯ ಗೋಡೆಗಳಿಗೆಲ್ಲ ಬೆಂಡಿನ ಹಲಗೆಗಳನ್ನು ಹೊದಿಸಿದನು. ಆತನ ಮೇಲ್ಗಡೆ ಅಮೆರಿಕದ ದಂತವೈದ್ಯನೊಬ್ಬನ ವಾಸವೂ ಚಿಕಿತ್ಸಾಲಯವೂ ಇದ್ದುವು. ಬೆಂಡು ಹೊದಿಸಿದ ಗೋಡೆಗಳಿದ್ದರೂ ಪ್ರೂಸ್ತನು ಕಡೆಗೆ ಮೊರೆಹೊಕ್ಕುದು ಕಾಗದಲೇಖನಿಗಳನ್ನೇ. ವೈದ್ಯನ ಪತ್ನಿಗೆ ಆತನು ಬರೆದ ಇಪ್ಪತ್ತಕ್ಕೂ ಮಿಕ್ಕ ಪತ್ರಗಳು ೨೦೧೩ರಲ್ಲಿ ಪುಸ್ತಕವಾಗಿ ಪ್ರಕಟವಾದುವು. ಆಕೆಯ ಆರೋಗ್ಯವನ್ನು ವಿಚಾರಿಸಿ, ಒಮ್ಮೊಮ್ಮೆ ಹೂಗಳನ್ನು ಕಳುಹಿಸಿ, ಮೊಳೆ ಹೊಡೆಯುವುದೇ ಮುಂತಾದ ಕೆಲಸವನ್ನು ತನಗೆ ಅನುಕೂಲವಾದ ವೇಳೆಗೆ ಮಾಡಿಸಲಾದೀತೇ ಎಂದು ಆ ಪತ್ರಗಳಲ್ಲಿ ಬಹು ವಿನಯದಿಂದ ಬೇಡಿಕೊಂಡಿದ್ದಾನೆ. ಬೆಂಡಿನಿಂದ ಆಗದುದನ್ನು ಆತನು ಮಾತಿನಿಂದ ಸಾಧಿಸಲು ಹೊರಟನು. ದಾರಿ ಅದೇ ಸರಿ.

ಮೊದಲು ಸದ್ದಿನ ಮೂಲವನ್ನು ಹುಡುಕಬೇಕು

ಮೇಲೆ ಹೋಗಿ ಮಾತನಾಡುವುದಕ್ಕೆ ಮುಂಚೆ ಸದ್ದು ಅವರದೇ ಎಂಬುದು ನಿಶ್ಚಯವಾಗಬೇಕು. ಸ್ಲ್ಯಾಬು, ತೊಲೆ, ಕಂಬ, ಗೋಡೆ ಇವೆಲ್ಲ ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಒಂದು ಕಡೆ ಬಿದ್ದ ಪೆಟ್ಟು ಕಟ್ಟಡದ ಎಲುಬುಗಳಲ್ಲೆಲ್ಲ ಹರಿಯುವುದು. ಓರೆಯಾಗಿ ಮೇಲಿರುವ ಮನೆಯ ಸದ್ದು ನೇರವಾಗಿ ಮೇಲಿರುವ ಮನೆಯದೆಂದು ತೋರುವುದುಂಟು. ಪಕ್ಕದ ಮನೆಯವರ ಗೋಡೆಗೆ ತಾಗಿದ ಮಂಚದ ಸದ್ದು ತಲೆಯ ಮೇಲಿನಿಂದ ಬಂದಂತೆ ಕೇಳಿಸುವುದುಂಟು. ಮನುಷ್ಯರಾರೂ ಮಾಡದ ಸದ್ದುಗಳೂ ಇವೆ. ನೀರೆತ್ತುವ ಪಂಪಿನ ನಡುಕ, ನಲ್ಲಿಯನ್ನು ಥಟ್ಟನೆ ನಿಲ್ಲಿಸಿದಾಗ ಕೊಳವೆಯಲ್ಲಿ ನೀರು ಗುದ್ದುವ ಸದ್ದು, ಲಿಫ್ಟಿನ ಯಂತ್ರದ ಗುಂಯ್ಗುಡುವಿಕೆ ಈ ಜಾತಿಗೆ ಸೇರಿದುವು. ಇವುಗಳಿಗೆ ಹೇಳಬೇಕಾದುದು ಕಟ್ಟಡದ ಸಂಘದವರಿಗೆ. ಪಂಪಿನ ಅಡಿಯಲ್ಲಿ ರಬ್ಬರಿನ ಮೆತ್ತೆಯಿಡುವುದರಿಂದಲೂ ಕೊಳವೆಯ ಹಿಡಿಕೆಗಳಿಗೆ ರಬ್ಬರು ಸುತ್ತುವುದರಿಂದಲೂ ಎಷ್ಟೋ ಗುಣ ಕಾಣುವುದು.

ಆದುದರಿಂದ ಒಂದು ವಾರದ ಕಾಲ ಚೀಟಿಯೊಂದರಲ್ಲಿ ಸದ್ದಿನ ವೇಳೆ, ಬಗೆ, ಕೇಳಿಸಿದ ಕೋಣೆ ಈ ಮೂರನ್ನು ಬರೆದಿಡುವುದು ಒಳ್ಳೆಯದು. ಇದರಿಂದ ಎರಡು ಲಾಭಗಳುಂಟು. “ದಿನವೆಲ್ಲ ಗದ್ದಲ” ಎಂದು ತೋರುತ್ತಿದ್ದುದು ಬಹಳ ಸಲ “ರಾತ್ರಿ ಹತ್ತರಿಂದ ಹನ್ನೊಂದರ ವರೆಗೆ, ಊಟದ ಕೋಣೆಯಲ್ಲಿ, ಕುರ್ಚಿ” ಎಂಬಷ್ಟಕ್ಕೆ ಇಳಿಯುವುದು. ಅಷ್ಟಕ್ಕೆ ಪರಿಹಾರವನ್ನು ಕೇಳುವುದೂ ಸುಲಭ, ಕೊಡುವುದೂ ಸುಲಭ. ಮತ್ತು ಬರೆಯುವಾಗ ಕೋಪವು ಕೊಂಚ ಆರುವುದು.

ಹೇಳುವ ಬಗೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯು ಈ ಪ್ರಸಂಗಕ್ಕೆ ಹೇಳಿ ಮಾಡಿಸಿದಂತಿದೆ. ಸದ್ದು ಕೇಳಿದ ಕ್ಷಣದಲ್ಲಿ ಮೆಟ್ಟಿಲು ಹತ್ತಕೂಡದು. ಪೊರಕೆಯ ಹಿಡಿಯಿಂದ ಛಾವಣಿಯನ್ನು ಕುಟ್ಟುವುದು ಇನ್ನೂ ಕೆಟ್ಟದ್ದು. ಅದರಿಂದ ಮೇಲಿನವರಿಗೆ ನಿಮ್ಮ ಸಿಟ್ಟು ತಿಳಿಯುವುದೇ ಹೊರತು ಕಾರಣ ತಿಳಿಯುವುದಿಲ್ಲ. ಕಟ್ಟಡದ ನೂರಾರು ಮಂದಿ ಓದುವ ವಾಟ್ಸಾಪ್ ಗುಂಪಿನಲ್ಲಿ ಮನೆಯ ನಂಬರನ್ನು ಹಾಕಿ ಬರೆಯುವುದು ಬೀದಿಯಲ್ಲಿ ಡಂಗುರ ಹೊಡೆಸಿದಂತೆ. ಮಾನಕ್ಕೆ ಪೆಟ್ಟು ಬಿದ್ದವನು ಕುರ್ಚಿಯನ್ನು ಎತ್ತಿಡುವುದಕ್ಕೆ ಬದಲಾಗಿ ಹಟಕ್ಕೆ ಎಳೆಯುವನು.

ಮಾರನೆಯ ದಿನ ಹಗಲು ಹೊತ್ತಿನಲ್ಲಿ, ಬಿಡುವಾದ ವೇಳೆಯನ್ನು ನೋಡಿಕೊಂಡು, ಮನೆಯ ಹೆಂಗಸರೋ ಹಿರಿಯರೋ ಹೋಗುವುದು ಯುಕ್ತ. ಮೊದಲ ಪರಿಚಯವೇ ದೂರಾಗಬಾರದು. ಹಬ್ಬದ ಒಬ್ಬಟ್ಟಿನ ನೆಪದಲ್ಲಿಯೋ ಗೌರಿಯ ಬಾಗಿನದ ನೆಪದಲ್ಲಿಯೋ ಮೊದಲೇ ಹೋಗಿಬಂದಿದ್ದರೆ ಮಾತು ಸರಾಗವಾಗುವುದು. ಹೇಳುವಾಗ ಅವರ ನಡತೆಯನ್ನು ಹಳಿಯದೆ ನಮ್ಮ ಕಷ್ಟವನ್ನು ಹೇಳಬೇಕು. “ನಿಮ್ಮ ಮನೆಯಲ್ಲಿ ಶಿಸ್ತೇ ಇಲ್ಲ” ಎಂದರೆ ಬಾಗಿಲು ಮುಚ್ಚುವುದು. “ಅಮ್ಮಾ, ನಮ್ಮ ಮಾವನವರಿಗೆ ಮೈ ಸರಿಯಿಲ್ಲ, ಹತ್ತು ಗಂಟೆಗೆ ಮಲಗುತ್ತಾರೆ. ಊಟದ ಕೋಣೆಯಲ್ಲಿ ಕುರ್ಚಿ ಎಳೆದರೆ ಅವರ ಮಂಚದ ಮೇಲೆಯೇ ಎಳೆದಂತಾಗುತ್ತದೆ. ಕುರ್ಚಿಯ ಕಾಲಿಗೆ ಅಂಟಿಸುವ ಬಿಲ್ಲೆಗಳನ್ನು ತಂದಿದ್ದೇನೆ. ತಪ್ಪು ತಿಳಿಯದೆ ಹಾಕಿಕೊಳ್ಳುತ್ತೀರಾ?” ಎಂದರೆ ಬೇಡವೆನ್ನುವವರು ವಿರಳ. ಇಲ್ಲಿ ಕಾರಣವಿದೆ, ವೇಳೆಯಿದೆ, ಕೋಣೆಯಿದೆ, ಪರಿಹಾರವೂ ಕೈಯಲ್ಲಿದೆ. ಆ ಮನೆಯಾಕೆಯು ಮಾಡಬೇಕಾದುದು ಹೂಂ ಎನ್ನುವುದಷ್ಟೇ. ನಂಬಿಕೆಯಾಗದವರನ್ನು ಒಂದು ದಿನ ಕಾಫಿಗೆ ಕರೆಯಬಹುದು. ಅವರ ಮನೆಯಲ್ಲಿ ಒಬ್ಬರು ಎಂದಿನಂತೆ ನಡೆದಾಡಲಿ, ಕುರ್ಚಿಯನ್ನು ಸರಿಸಲಿ. ಇಲ್ಲಿ ಕುಳಿತು ಅವರು ತಮ್ಮ ಮನೆಯ ಸದ್ದನ್ನು ತಾವೇ ಕೇಳಲಿ. ನೂರು ಮಾತಿಗಿಂತ ಈ ಒಂದು ಬಟ್ಟಲು ಕಾಫಿ ಹೆಚ್ಚು ಕೆಲಸ ಮಾಡುವುದು.

ಮೇಲಿನ ಮನೆಯವರು ಮಾಡಬೇಕಾದುದು

ಅಪಾರ್ಟ್‌ಮೆಂಟಿನಲ್ಲಿರುವ ಹೆಚ್ಚು ಮಂದಿ ಯಾರಿಗೋ ಕೆಳಗಿನವರಾದಂತೆ ಇನ್ನಾರಿಗೋ ಮೇಲಿನವರು. ಆದುದರಿಂದ ಮುಂದಿನ ಮಾತುಗಳು ದೂರು ಹೇಳುವವರಿಗೂ ಅನ್ವಯಿಸುವುವು.

ಮೊದಲನೆಯದಾಗಿ ಕುರ್ಚಿ, ಮೇಜು, ಮಂಚ, ಮಣೆ, ಮುಕ್ಕಾಲಿ ಇವುಗಳ ಕಾಲುಗಳು. ಅಂಗಡಿಯಲ್ಲಿ ದೊರೆಯುವ ಫೆಲ್ಟಿನ ಬಿಲ್ಲೆಗಳನ್ನಾಗಲಿ ರಬ್ಬರಿನ ಟೊಪ್ಪಿಗಳನ್ನಾಗಲಿ ಹಾಕಬಹುದು. ಹಳೆಯ ಕಂಬಳಿಯ ತುಂಡನ್ನು ಎರಡು ಮಡಿಕೆ ಮಾಡಿ ಬಿಗಿಯಾಗಿ ಕಟ್ಟಿದರೂ ಆಗುವುದು. ಬಿಲ್ಲೆಗಳು ಸವೆದು ಉದುರುವುವಾದುದರಿಂದ ತಿಂಗಳಿಗೊಮ್ಮೆ ಕುರ್ಚಿಯನ್ನು ಮಗುಚಿ ನೋಡುವ ಪದ್ಧತಿಯನ್ನಿಟ್ಟುಕೊಳ್ಳಬೇಕು. ಇಷ್ಟು ಅಲ್ಪವ್ಯಯದಲ್ಲಿ ಇಷ್ಟು ಫಲವನ್ನು ಕೊಡುವ ಉಪಾಯವು ಬೇರೊಂದಿಲ್ಲ.

ಎರಡನೆಯದು ಅಡಿಗೆಮನೆ. ಕುಟ್ಟಾಣಿಯನ್ನು ಬರಿಯ ನೆಲದ ಮೇಲಾಗಲಿ ಗೋಡೆಗೆ ಸೇರಿದ ಅಡಿಗೆಯ ಕಟ್ಟೆಯ ಮೇಲಾಗಲಿ ಇಡದೆ, ನಾಲ್ಕು ಮಡಿಕೆಯ ಗೋಣಿಚೀಲದ ಮೇಲಿಟ್ಟು ಕುಟ್ಟಬೇಕು. ಅದೂ ಕೋಣೆಯ ನಟ್ಟನಡುವೆ ಬೇಡ, ಮೂಲೆಯಲ್ಲಿ. ಸ್ಲ್ಯಾಬು ನಡುವೆ ಹೆಚ್ಚಾಗಿ ಅಲುಗುವುದು, ತೊಲೆಗೋಡೆಗಳ ಬಳಿ ಕಡಿಮೆ. ತೆಂಗಿನಕಾಯಿಯನ್ನು ನೆಲಕ್ಕೆ ಬಡಿಯದೆ ಕೈಯಲ್ಲಿ ಹಿಡಿದು ಕತ್ತಿಯ ಹಿಂಬದಿಯಿಂದ ಸುತ್ತಲೂ ತಟ್ಟಿ ಒಡೆಯಬಹುದು. ಗ್ರೈಂಡರು, ಮಿಕ್ಸಿಗಳ ಅಡಿಗೆ ದಪ್ಪ ರಬ್ಬರಿನ ಹಾಸನ್ನಿಟ್ಟು, ಗೋಡೆಗೆ ತಾಗದಂತೆ ಸರಿಸಿಡಬೇಕು. ದೋಸೆಯ ಹಿಟ್ಟನ್ನು ರಾತ್ರಿ ಹನ್ನೊಂದಕ್ಕೆ ರುಬ್ಬುವುದಕ್ಕೆ ಬದಲಾಗಿ ಸಂಜೆ ಏಳಕ್ಕೆ ರುಬ್ಬಿದರೆ ಹುಳಿಯುವುದಕ್ಕೂ ಅನುಕೂಲ, ಕೆಳಗಿನವರಿಗೂ ಅನುಕೂಲ. ಬಟ್ಟೆ ಒಗೆಯುವ ಯಂತ್ರದ ನಾಲ್ಕು ಕಾಲುಗಳೂ ಸಮವಾಗಿರುವಂತೆ ತಿರುಪನ್ನು ತಿರುಗಿಸಿ ಸರಿಪಡಿಸಬೇಕು. ಒಂದು ಕಾಲು ಎತ್ತರವಾದರೂ ಹಿಂಡುವ ವೇಳೆಯಲ್ಲಿ ಯಂತ್ರವು ನೆಲವನ್ನು ಗುದ್ದತೊಡಗುವುದು.

ಮೂರನೆಯದು ನೆಲಹಾಸು. ವಿಟ್ರಿಫೈಡ್ ಟೈಲು, ಗ್ರಾನೈಟು, ಗಾರೆಯ ನೆಲ ಇವೆಲ್ಲ ಬಿರುಸಾದುವು. ಪೆಟ್ಟನ್ನು ಹಾಗೆಯೇ ಕೆಳಕ್ಕೆ ಒಪ್ಪಿಸುವುವು. ಜನ ಹೆಚ್ಚಾಗಿ ನಡೆದಾಡುವೆಡೆಯಲ್ಲಿ ಜಮಖಾನವನ್ನೂ ಅದರ ಅಡಿಯಲ್ಲಿ ಕಂಬಳಿಯನ್ನೋ ರಬ್ಬರಿನ ಹಾಸನ್ನೋ ಹಾಸಬೇಕು. ನಮ್ಮ ನವಲಗುಂದದ ಜಮಖಾನಗಳು ಇಂಥ ಬಳಕೆಗೆ ಅಂದವಾಗಿಯೂ ಇವೆ, ಬಾಳಿಕೆಯೂ ಬರುವುವು. ಒಂದು ವಿಷಯವನ್ನು ಮಾತ್ರ ತಿಳಿದಿರಬೇಕು. ತೆಳ್ಳನೆಯ ಹಾಸಿನಿಂದ ಲೋಟ ಬಿದ್ದ ಸದ್ದು, ಚಪ್ಪಲಿಯ ಟಕಟಕ, ಕುರ್ಚಿಯ ಕಿರುಚು ಇಂಥ ಚೂಪಾದ ಸದ್ದುಗಳು ಚೆನ್ನಾಗಿ ತಗ್ಗುವುವು. ಹಿಮ್ಮಡಿಯೂರಿ ನಡೆಯುವ ಮತ್ತು ಮಕ್ಕಳು ಧುಮುಕುವ ಧೊಪ್ಪೆಂಬ ಮಂದ್ರದ ಸದ್ದು ಅಷ್ಟಾಗಿ ತಗ್ಗದು. ಅದಕ್ಕೆ ವ್ಯಾಯಾಮಶಾಲೆಗಳಲ್ಲಿ ಹಾಸುವಂಥ ದಪ್ಪ ರಬ್ಬರು ಹಾಸುಗಳೇ ಬೇಕು. ಅವೂ ಪೂರ್ತಿಯಾಗಿ ತಡೆಯಲಾರವು.

ಆದುದರಿಂದ ನಾಲ್ಕನೆಯದು ವೇಳೆಯ ನಿಯಮ. ಮಕ್ಕಳನ್ನು ಓಡಬೇಡಿರೆಂದು ದಿನವೆಲ್ಲ ಕಟ್ಟಿಹಾಕುವುದು ಆಗದ ಮಾತು, ಆಗಲೂಬಾರದು. ಸಂಜೆಯ ವೇಳೆ ಕೆಳಗಣ ಬಯಲಿನಲ್ಲಿ ಚೆನ್ನಾಗಿ ಓಡಿಸಿ ಕರೆತಂದರೆ ರಾತ್ರಿ ಒಂಬತ್ತರ ಮೇಲೆ ಕಥೆಯೊಂದಿಗೆ ಕೂರಿಸುವುದು ಸುಲಭವಾಗುವುದು. ಮನೆಯಲ್ಲಿ ಭರತನಾಟ್ಯವನ್ನು ಕಲಿಯುವ ಹುಡುಗಿಯಿದ್ದರೆ ತಟ್ಟಡವಿನ ಅಭ್ಯಾಸಕ್ಕೆ ಕೆಳಗಿನವರನ್ನು ಕೇಳಿ ಒಂದು ವೇಳೆಯನ್ನು ಗೊತ್ತುಮಾಡಿಕೊಳ್ಳಬೇಕು. ಮುಂಚಿತವಾಗಿ ತಿಳಿದಿರುವ ಸದ್ದನ್ನು ಮನಸ್ಸು ಸಹಿಸುವುದು. ಯಾವಾಗ ಬರುವುದೋ ಎಂದು ಕಾಯುತ್ತಿರಬೇಕಾದ ಸದ್ದನ್ನು ಸಹಿಸಲಾರದು. ಮನೆಯಲ್ಲಿ ಮದುವೆ, ನಾಮಕರಣವೇನಾದರೂ ಇದ್ದರೆ ಹಿಂದಿನ ದಿನವೇ ಕೆಳಗೆ ಹೋಗಿ ಹೇಳಿಬರುವುದೂ, ಸಾಧ್ಯವಿದ್ದರೆ ಊಟಕ್ಕೆ ಕರೆಯುವುದೂ ಮರ್ಯಾದೆ.

ಕೆಳಗಿನ ಮನೆಯವರು ಮಾಡಬಹುದಾದುದು

ಔಷಧವು ಮೇಲಿನ ಮನೆಯಲ್ಲಿದೆಯೆಂದ ಮಾತ್ರಕ್ಕೆ ಕೆಳಗಿನವರು ಕೈಕಟ್ಟಿ ಕೂರಬೇಕಾದುದಿಲ್ಲ. ಮೇಲಿನವರ ಊಟದ ಕೋಣೆಯ ಅಡಿಯಲ್ಲಿ ರೋಗಿಯ ಮಂಚವಿದ್ದರೆ ಅದನ್ನು ಬೇರೆ ಕೋಣೆಗೆ ಸಾಗಿಸಬಹುದು. ಗೋಡೆಯಲ್ಲಿಯೂ ಸದ್ದು ಇಳಿಯುವುದರಿಂದ ಮಂಚದ ತಲೆಯ ಭಾಗವನ್ನು ಗೋಡೆಯಿಂದ ಒಂದು ಗೇಣು ಸರಿಸಬಹುದು. ರಾತ್ರಿಯ ನಿಶ್ಶಬ್ದದಲ್ಲಿ ಸಣ್ಣ ಸದ್ದೂ ದೊಡ್ಡದಾಗಿ ಕೇಳಿಸುವುದಾದುದರಿಂದ, ಫ್ಯಾನಿನ ಒಂದೇ ಸಮನಾದ ಸದ್ದಿನಲ್ಲಿ ಅದು ಮುಳುಗಿಹೋಗುವುದುಂಟು. ಕಿವಿಗೆ ಹತ್ತಿಯನ್ನಿಡುವುದರಿಂದ ಹೆಚ್ಚು ಫಲವಿಲ್ಲ. ಅದಕ್ಕಾಗಿಯೇ ಮಾಡಿದ ಮೃದುವಾದ ಬಿರಡೆಗಳು ಔಷಧದಂಗಡಿಗಳಲ್ಲಿ ಸಿಕ್ಕುವುವು. ಅವು ದೊಡ್ಡವರಿಗೆ ಮಾತ್ರ. ಕೂಸುಗಳಿಗೂ ಕಿವಿ ಸೋರುವವರಿಗೂ ಸಲ್ಲವು.

ಛಾವಣಿಯ ಅಡಿಯಲ್ಲಿ ಇನ್ನೊಂದು ಛಾವಣಿಯನ್ನು ತೂಗಹಾಕುವವರೂ ಇದ್ದಾರೆ. ಜಿಪ್ಸಮ್ ಹಲಗೆಗಳನ್ನು ಲೋಹದ ಪಟ್ಟಿಗಳಿಂದ ಸ್ಲ್ಯಾಬಿಗೆ ಬಿಗಿಯಾಗಿ ಹೊಡೆದರೆ ಸದ್ದು ಆ ಪಟ್ಟಿಗಳಲ್ಲಿಯೇ ಇಳಿಯುವುದರಿಂದ ಖರ್ಚಿಗೆ ತಕ್ಕ ಫಲವಿರದು. ರಬ್ಬರು ಅಥವಾ ಸ್ಪ್ರಿಂಗು ಉಳ್ಳ ಕೊಂಡಿಗಳಿಂದ ತೂಗಹಾಕಿ, ನಡುವಣ ಸಂದಿನಲ್ಲಿ ಕಲ್ಲುನಾರಿನ ಹಾಸನ್ನು ತುಂಬಿ, ಎರಡು ಪದರ ಹಲಗೆಯನ್ನು ಹೊದಿಸಿದರೆ ಗುಣವುಂಟು. ಆದರೆ ಕೋಣೆಯ ಎತ್ತರವು ಅರ್ಧ ಅಡಿಯಷ್ಟಾದರೂ ತಗ್ಗುವುದು, ಗೋಡೆಗಳ ಮೂಲಕ ಇಳಿಯುವ ಸದ್ದು ಹಾಗೆಯೇ ಉಳಿಯುವುದು. ಮೇಲೆ ಕುರ್ಚಿಗೆ ಬಿಲ್ಲೆ ಹಾಕಿದರೆ ತೀರುವ ಬಾಧೆಗೆ ಕೆಳಗೆ ಇಷ್ಟು ಹಣವನ್ನು ಚೆಲ್ಲುವುದು ಕಡೆಯ ಉಪಾಯವಾಗಿರಲಿ.

ಇಷ್ಟೆಲ್ಲ ಆದ ಬಳಿಕವೂ ಉಳಿಯುವ ಸದ್ದೊಂದುಂಟು. ಅದು ಜನ ಬದುಕುವ ಸದ್ದು. ನಡೆಯಲು ಕಲಿಯುವ ಕೂಸಿನ ಹೆಜ್ಜೆ, ಊರುಗೋಲಿನ ಮುದುಕರು ನಡುರಾತ್ರಿ ಬಚ್ಚಲಿಗೆ ಹೋಗುವ ಸದ್ದು, ಇವನ್ನು ದೂರಿನ ಚೀಟಿಯಲ್ಲಿ ಬರೆಯಕೂಡದು. ಸಹಿಸುವುದಕ್ಕೆ ಒಂದು ಮೇರೆಯುಂಟು, ದೂರುವುದಕ್ಕೂ ಒಂದು ಮೇರೆಯುಂಟು.

ಸಂಘವೂ ಸರಕಾರವೂ

ಮಾತು ಫಲಿಸದೆಡೆಯಲ್ಲಿ ನಿವಾಸಿಗಳ ಸಂಘವಿದೆ. ಗೋಡೆ ಕೊರೆಯುವುದು, ಟೈಲು ಒಡೆಯುವುದು ಮುಂತಾದ ಕೆಲಸಗಳ ವೇಳೆ, ಮಧ್ಯಾಹ್ನದ ಹಾಗೂ ರಾತ್ರಿಯ ನಿಶ್ಶಬ್ದದ ವೇಳೆ ಇವುಗಳನ್ನು ಸಂಘದ ನಿಯಮಾವಳಿಯಲ್ಲಿ ಸೇರಿಸಿ ಎಲ್ಲರಿಗೂ ತಿಳಿಯಪಡಿಸಿದರೆ, ಒಬ್ಬರ ಮೇಲೆ ಒಬ್ಬರು ದೂರು ಹೇಳುವ ಪ್ರಸಂಗವೇ ಕಡಿಮೆಯಾಗುವುದು. ನಿಯಮವು ಎಲ್ಲರಿಗೂ ಒಂದೇ ಆದಾಗ ಅದನ್ನು ಪಾಲಿಸುವುದರಲ್ಲಿ ಯಾರಿಗೂ ಅವಮಾನವಿಲ್ಲ.

ಭಾರತ ಸರಕಾರವು ೨೦೦೦ದಲ್ಲಿ ಹೊರಡಿಸಿದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿಯ ಪ್ರದೇಶಗಳಿಗೆ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಎಂಬ ಮಿತಿಯನ್ನು ಗೊತ್ತುಮಾಡಿತು. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರ ವರೆಗೆ. ವಿಶ್ವ ಆರೋಗ್ಯ ಸಂಸ್ಥೆಯು ೧೯೯೯ರಲ್ಲಿ ಮಲಗುವ ಕೋಣೆಯೊಳಗೆ ನಿರಂತರವಾದ ಸದ್ದು ೩೦ ಡೆಸಿಬೆಲನ್ನೂ ಬಿಡಿಯಾದ ಸದ್ದು ೪೫ ಡೆಸಿಬೆಲನ್ನೂ ಮೀರದಿರುವುದು ನಿದ್ರೆಗೆ ಹಿತವೆಂದು ಸೂಚಿಸಿತು. ನಡುರಾತ್ರಿಯಲ್ಲಿ ಧ್ವನಿವರ್ಧಕವನ್ನು ಹಾಕಿ ಕುಣಿಯುವವರಿದ್ದರೆ ೧೧೨ಕ್ಕೆ ಫೋನು ಮಾಡಿ ಪೋಲೀಸರ ನೆರವನ್ನು ಪಡೆಯಬಹುದು. ಆದರೆ ಕುರ್ಚಿಯನ್ನು ಎಳೆಯುವವರ ಮನೆಗೆ ಪೋಲೀಸರನ್ನು ಕಳುಹಿಸಿ ಸುಖವಾಗಿ ಮಲಗಿದವರಿಲ್ಲ.

ಕಾಯಿದೆಯ ಕೈ ಎಷ್ಟು ದೂರ ಹೋಗಬಲ್ಲುದೆಂಬುದನ್ನು ದಕ್ಷಿಣ ಕೊರಿಯಾ ದೇಶದಲ್ಲಿ ನೋಡಬಹುದು. ಅಪಾರ್ಟ್‌ಮೆಂಟುಗಳು ಬಹಳವಾಗಿರುವ ಆ ದೇಶ, ಗೋಡೆಗಳೇ ಭಾರವನ್ನು ಹೊರುವಂತೆ ಕಟ್ಟುವ ಬಹುಮಹಡಿ ವಸತಿಗಳಲ್ಲಿ ಸ್ಲ್ಯಾಬು ೨೧೦ ಮಿಲಿಮೀಟರಿಗೆ, ಎಂದರೆ ಎಂಟು ಅಂಗುಲಕ್ಕೆ ಕಡಿಮೆಯಿರಬಾರದೆಂದು ವಿಧಿಸಿತು. ೨೦೧೨ರಲ್ಲಿ ಮಹಡಿಗಳ ನಡುವಣ ಸದ್ದಿನ ವ್ಯಾಜ್ಯಗಳಲ್ಲಿ ಸಂಧಾನ ಹೇಳುವುದಕ್ಕಾಗಿಯೇ ಒಂದು ಕೇಂದ್ರವನ್ನು ತೆರೆಯಿತು. ೨೦೨೩ರ ಜನವರಿಯಲ್ಲಿ ಹೆಜ್ಜೆಯ ಸದ್ದಿನಂಥ ಪೆಟ್ಟಿನ ಸದ್ದುಗಳ ಮಿತಿಯನ್ನು ಹಗಲಿಗೆ ೩೯, ರಾತ್ರಿಗೆ ೩೪ ಡೆಸಿಬೆಲಿಗೆ ಇಳಿಸಿತು. ಇಷ್ಟೆಲ್ಲ ಮಾಡಿದ ಮೇಲೂ ಅಲ್ಲಿ ದೂರುಗಳು ನಿಂತಿಲ್ಲ. ದಪ್ಪವಾದ ಸ್ಲ್ಯಾಬೂ ಕಟ್ಟುನಿಟ್ಟಾದ ಕಾಯಿದೆಯೂ ಒಳ್ಳೆಯವೇ. ಎರಡು ಮನೆಗಳ ನಡುವಣ ತಿಳಿವಳಿಕೆಯ ಸ್ಥಾನವನ್ನು ಮಾತ್ರ ಅವು ತುಂಬಲಾರವು.

ಮನೆ ಕೊಳ್ಳುವವರಿಗೆ ಒಂದು ಮಾತು

ಬೆಂಕಿ ಬಿದ್ದಾಗ ಬಾವಿ ತೋಡುವುದಕ್ಕಿಂತ ಮೊದಲೇ ಎಚ್ಚರವಾಗಿರುವುದು ಲೇಸು. ೧೯೭೦ರಲ್ಲಿ ಮೊದಲು ಹೊರಬಂದು ೨೦೧೬ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಸದ್ದನ್ನು ತಡೆಯುವ ವಿಷಯಕ್ಕಾಗಿಯೇ ಒಂದು ವಿಭಾಗವಿದೆ. ಕಟ್ಟುವ ಕಾಲದಲ್ಲಿ ಸ್ಲ್ಯಾಬಿನ ಮೇಲೆ ಬೆಂಡಿನದೋ ರಬ್ಬರಿನದೋ ತೆಳುವಾದ ಹಾಸನ್ನು ಹಾಕಿ, ಅದರ ಮೇಲೆ ಗಾರೆಯನ್ನೂ ಟೈಲನ್ನೂ ಹಾಕುವ ಪದ್ಧತಿಯೊಂದುಂಟು. ಆಗ ಟೈಲಿನ ನೆಲವು ದೋಣಿಯಂತೆ ಮೆತ್ತೆಯ ಮೇಲೆ ತೇಲುತ್ತಿರುವುದು. ನೆಲವು ಗೋಡೆಯನ್ನು ಮುಟ್ಟುವೆಡೆಯಲ್ಲಿಯೂ ಅದೇ ಮೆತ್ತೆಯ ಪಟ್ಟಿಯನ್ನು ಇಡದಿದ್ದರೆ ಸದ್ದು ಆ ಅಂಚಿನಿಂದಲೇ ನುಸುಳುವುದು. ಕೊಳ್ಳುವಾಗ ಟೈಲಿನ ಬಣ್ಣವನ್ನು ವಿಚಾರಿಸುವವರು ಟೈಲಿನ ಅಡಿಯಲ್ಲಿ ಏನಿದೆಯೆಂಬುದನ್ನೂ ವಿಚಾರಿಸಲಿ. ಹಳೆಯ ಮನೆಯಲ್ಲಿ ನೆಲವನ್ನು ಬದಲಾಯಿಸುವವರಿಗೂ ಇದೇ ಸುಸಮಯ. ಸ್ಲ್ಯಾಬು ಹೊಸ ಭಾರವನ್ನು ತಾಳುವುದೇ ಎಂದು ಇಂಜಿನಿಯರನ್ನು ಮಾತ್ರ ಕೇಳಿಕೊಳ್ಳಬೇಕು.

ಮನೆ ಕೊಳ್ಳುವ ಯೋಚನೆಯಿಲ್ಲದವರು ಈ ತಿಂಗಳಲ್ಲಿಯೇ ಮಾಡಬಹುದಾದ ಕೆಲಸವೊಂದುಂಟು. ನಿಮ್ಮ ಕೆಳಗಿನ ಮನೆಯ ಕದವನ್ನು ತಟ್ಟಿ, ಅವರು ದೂರುವುದಕ್ಕೆ ಮೊದಲು ನೀವಾಗಿ “ನಮ್ಮ ಮನೆಯ ಸದ್ದು ನಿಮಗೇನಾದರೂ ತೊಂದರೆ ಕೊಡುತ್ತಿದೆಯೇ?” ಎಂದು ಕೇಳಿರಿ. ಇಲ್ಲವೆಂದರೆ ಒಂದು ಸ್ನೇಹ ದೊರೆಯಿತು. ಹೌದೆಂದರೆ ಒಂದು ಗೇಣು ಕಂಬಳಿಯ ಖರ್ಚಿನಲ್ಲಿ ಅವರಿಗೆ ನಿದ್ರೆ ದೊರೆಯುವುದು, ನಿಮಗೆ ಆ ಪುಣ್ಯ.